ಗರಗಸದಿಂದ ಸೂಜಿದಾರದವರೆಗೆ



ಇಂದು ನಾನು ಕಾಲಿನ ಬಗ್ಗೆ ಮಾತಾಡಬೇಕೆಂದಿದ್ದೇನೆ. ಕಾಲಿಗೆ ರಕ್ತ ತರುವ ನಾಳ ಕಟ್ಟಿಕೊಂಡರೆ ಹಿಂದಿನ ಕಾಲದ ವೈದ್ಯರು ಏನು ಮಾಡುತ್ತಿದ್ದರು, ಇಂದಿನ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ, ಈ ನಡುವಿನ ನಾಲ್ಕೂವರೆ ನೂರು ವರ್ಷಗಳ ಹಾದಿ ಹೇಗೆ ಸವೆಯಿತು ಎಂಬುದೇ ಇಂದಿನ ವಿಷಯ. ನಾನು ಡಾಕ್ಟರನಲ್ಲ. ಮ್ಯಾಟ್ರಿಕ್ ಪಾಸಾಗಿ, ಬ್ಯಾಂಕಿನಲ್ಲಿ ಕಾರಕೂನನಾಗಿ ದುಡಿದು ನಿವೃತ್ತನಾದವನು. ಆದರೆ ಅಕ್ಕಲಕೋಟ, ದಕ್ಷಿಣ ಸೋಲಾಪುರದ ಕಡೆಯ ಹಳ್ಳಿಗಳಿಂದ ಊರುಗೋಲು ಹಿಡಿದು ಬರುವ ಗಂಡಸರನ್ನು ಕೌಂಟರಿನ ಒಳಗೆ ಕೂತವನು ನೋಡದೆ ಇರಲಾರ. ಪಿಂಚಣಿಯ ದಿನ ಅವರೆಲ್ಲ ಬರುತ್ತಾರೆ. ಅವರಲ್ಲಿ ಕೆಲವರ ಕಾಲು ಉಳಿಯಬಹುದಿತ್ತು ಎಂಬುದು ಓದಿ ತಿಳಿದ ಮೇಲೆ, ಈ ಇತಿಹಾಸವನ್ನು ನಿಮ್ಮ ಮುಂದೆ ಇಡಬೇಕೆನ್ನಿಸಿತು.

ಮೊದಲಿಗೆ ಒಂದು ಶಬ್ದದ ತೊಡಕನ್ನು ಬಿಡಿಸಿಕೊಳ್ಳೋಣ. ನಮ್ಮ ಆಡುಮಾತಿನಲ್ಲಿ ರಕ್ತ ಹರಿಯುವ ನಾಳಕ್ಕೂ ನರ ಎನ್ನುತ್ತೇವೆ. ನೋವು, ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುವ ತಂತುವಿಗೂ ನರ ಎನ್ನುತ್ತೇವೆ. ಹಿಮ್ಮಡದ ಹಿಂದಿನ ಗಟ್ಟಿ ಹುರಿಗೂ ನರವೇ. ಮರಾಠಿಯಲ್ಲಿ ‘ಶೀರ್’ ಎನ್ನುವಾಗಲೂ ಇದೇ ಗೊಂದಲ. ಶಾಲೆಯ ಪುಸ್ತಕಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ಕನ್ನಡ ಶಾಲೆಯಲ್ಲಿ ಓದಿದವರು ಅಪಧಮನಿ, ಅಭಿಧಮನಿ ಎಂದು ಬಾಯಿಪಾಠ ಮಾಡಿರುತ್ತೀರಿ. ಮರಾಠಿ ಶಾಲೆಗೆ ಹೋದವರು ರೋಹಿಣಿ, ನೀಲಾ ಎಂದು ಓದಿರುತ್ತೀರಿ. ಪರೀಕ್ಷೆ ಮುಗಿದ ಮೇಲೆ ಎರಡೂ ಕಡೆಯವರು ನರಕ್ಕೇ ಮರಳುತ್ತೇವೆ. ಇಂದಿನ ಮಾತಿನ ಮಟ್ಟಿಗೆ ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳಕ್ಕೆ ಧಮನಿ ಎನ್ನೋಣ, ಹೃದಯಕ್ಕೆ ಮರಳಿ ತರುವ ನಾಳಕ್ಕೆ ಸಿರೆ ಎನ್ನೋಣ. ನರ ಎಂಬ ಶಬ್ದವನ್ನು ನಿಜವಾದ ನರಕ್ಕೇ ಬಿಡೋಣ.

ಇದೇನು ವ್ಯಾಕರಣದ ತಕರಾರು ಎನ್ನಬೇಡಿ. ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಕಾಕಾ ನಮ್ಮ ಶಾಖೆಗೆ ಬರುತ್ತಿದ್ದರು. ಬಸ್ ಸ್ಟ್ಯಾಂಡಿನಿಂದ ಬ್ಯಾಂಕಿಗೆ ಎರಡು ಫರ್ಲಾಂಗು. ಮೊದಲ ವರ್ಷ ದಾರಿಯಲ್ಲಿ ಒಂದು ಸಲ ನಿಂತು ಬರುತ್ತಿದ್ದರು, ಮರುವರ್ಷ ಮೂರು ಸಲ. ‘ಯಾಕ್ರೀ ಕಾಕಾ, ದಣಿವೇನ್ರೀ?’ ಎಂದರೆ, ‘ದಣಿವಲ್ಲೋ ತಮ್ಮಾ, ಮೀನಖಂಡದಾಗ ನರಾ ಹಿಡಿತೈತಿ. ಎರಡು ಮಿನಿಟ್ ನಿಂತ್ರ ಬಿಡ್ತೈತಿ, ಮತ್ತ ನಡೀಬಹುದು’ ಎನ್ನುವರು. ನರ ಹಿಡಿದಿದೆ ಎಂದ ಮೇಲೆ ಎಣ್ಣೆ ತಿಕ್ಕುವವನೇ ವೈದ್ಯ. ತಿಕ್ಕಿಸಿದರು, ಶಾಖ ಕೊಡಿಸಿದರು. ಮೂರನೇ ವರ್ಷ ಹೆಬ್ಬೆರಳು ಕಪ್ಪಾಯಿತಂತೆ. ಆಮೇಲೆ ಮಗನ ಹೆಗಲು ಹಿಡಿದು, ಒಂದೇ ಚಪ್ಪಲಿ ಹಾಕಿಕೊಂಡು ಬಂದರು. ಅವರಿಗೆ ಹಿಡಿದದ್ದು ನರವಲ್ಲ, ಧಮನಿ.

ಸ್ವಲ್ಪ ನಡೆದರೆ ನೋವು, ನಿಂತರೆ ಇಲ್ಲ, ಮತ್ತೆ ನಡೆದರೆ ಮತ್ತೆ ನೋವು. ಈ ಲಕ್ಷಣವನ್ನು ಮೊದಲು ಗುರುತಿಸಿದ್ದು ಮನುಷ್ಯರಲ್ಲಿ ಅಲ್ಲ, ಕುದುರೆಯಲ್ಲಿ ಎಂದರೆ ನಿಮಗೆ ಸೋಜಿಗವಾದೀತು. ಸನ್ 1831ರಲ್ಲಿ ಫ್ರಾನ್ಸಿನ ಬೂಲೆ ಎಂಬ ಪಶುವೈದ್ಯ ಗಾಡಿ ಎಳೆಯುವ ಒಂದು ಕುದುರೆಯ ವೃತ್ತಾಂತ ಬರೆದ. ಅದು ತುಸು ದೂರ ಓಡಿ ಹಿಂಗಾಲು ಕುಂಟುತ್ತಿತ್ತು. ನಿಲ್ಲಿಸಿದರೆ ಸುಧಾರಿಸಿಕೊಂಡು ಮತ್ತೆ ಓಡುತ್ತಿತ್ತು. ಸತ್ತ ಮೇಲೆ ಕೊಯ್ದು ನೋಡಿದರೆ ಹಿಂಗಾಲಿನ ಧಮನಿಗಳು ಕಟ್ಟಿಕೊಂಡಿದ್ದವು. 1858ರಲ್ಲಿ ಪ್ಯಾರಿಸಿನ ಶಾರ್ಕೋ ಎಂಬ ದೊಡ್ಡ ವೈದ್ಯ ಇದೇ ಕುಂಟನ್ನು ಒಬ್ಬ ಮನುಷ್ಯನಲ್ಲಿ ಕಂಡು ಬರೆದ. ಡಾಕ್ಟರರು ಇದಕ್ಕೆ ‘ಕ್ಲಾಡಿಕೇಶನ್’ ಎನ್ನುತ್ತಾರೆ. ಕುಂಟುವುದು ಎಂಬ ಅರ್ಥದ ಲ್ಯಾಟಿನ್ ಶಬ್ದ ಅದು. ಎತ್ತು ಕುಂಟಿದರೆ ನಾವೂ ಆ ದಿನವೇ ಗೊರಸು ಎತ್ತಿ ನೋಡುತ್ತೇವೆ. ಮನೆಯ ಯಜಮಾನ ಕುಂಟಿದರೆ ವಯಸ್ಸಾಯಿತು ಎಂದು ಸುಮ್ಮನಾಗುತ್ತೇವೆ.

ಇನ್ನು ಹಿಂದಿನ ಚಿಕಿತ್ಸೆಗೆ ಬರೋಣ. ಅದರ ಹೆಸರು ಗರಗಸ. ಕಾಲು ಕೊಳೆಯಿತೆಂದರೆ ಕೊಯ್ದು ಹಾಕುವುದು ಒಂದೇ ದಾರಿ. ಕೊಯ್ದಾಗ ಧಮನಿಯಿಂದ ಚಿಮ್ಮುವ ರಕ್ತವನ್ನು ನಿಲ್ಲಿಸಲು ಕೆಂಪಗೆ ಕಾಯಿಸಿದ ಕಬ್ಬಿಣದಿಂದ ಸುಡುತ್ತಿದ್ದರು. ಮತ್ತು ಬರಿಸುವ ಔಷಧಿಯಿಲ್ಲದ ಕಾಲವದು. ಈಥರ್ ಬಂದದ್ದು 1846ರಲ್ಲಿ. ಸುಡುವ ಈ ಕ್ರೌರ್ಯಕ್ಕೆ ಬದಲಿ ದಾರಿ ತೋರಿದವನು ಆಂಬ್ರ್ವಾಸ್ ಪಾರೆ ಎಂಬ ಫ್ರಾನ್ಸಿನವನು. ಇವನು ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಓದಿದ ಪಂಡಿತನಲ್ಲ, ಕ್ಷೌರಿಕ ವೃತ್ತಿಯಿಂದ ಬಂದ ಶಸ್ತ್ರವೈದ್ಯ. ಆ ಕಾಲದ ಯುರೋಪಿನಲ್ಲಿ ಕತ್ತಿ ಹಿಡಿಯುವ ಕೆಲಸ ಕ್ಷೌರಿಕರದೇ ಆಗಿತ್ತು. 1552ರಲ್ಲಿ ಒಂದು ಕೋಟೆಯ ಮುತ್ತಿಗೆಯ ಸಮಯದಲ್ಲಿ ಗುಂಡು ತಗುಲಿದ ಒಬ್ಬನ ಕಾಲು ತೆಗೆಯಬೇಕಾಗಿ ಬಂದಾಗ, ಪಾರೆ ಸುಡದೆ, ರಕ್ತನಾಳಗಳ ಬಾಯಿಯನ್ನು ಇಕ್ಕಳದಲ್ಲಿ ಹಿಡಿದು ದಾರದಿಂದ ಕಟ್ಟಿದ. ರೋಗಿ ಬದುಕಿದ. ಸೂಜಿದಾರದ ಕಥೆ ಇಲ್ಲಿಂದ ಶುರುವಾಗುತ್ತದೆ.

ಆದರೆ ಕಟ್ಟುವುದು ಬೇರೆ, ಹೊಲಿಯುವುದು ಬೇರೆ. ಕಟ್ಟಿದರೆ ರಕ್ತ ಹೊರಗೆ ಹೋಗುವುದು ನಿಲ್ಲುತ್ತದೆ. ಮುಂದಿನ ಭಾಗಕ್ಕೆ ಹೋಗುವುದೂ ನಿಲ್ಲುತ್ತದೆ. ರಕ್ತ ದೇಹದಲ್ಲಿ ಸುತ್ತುತ್ತದೆ, ಧಮನಿಯಲ್ಲಿ ಹೋಗಿ ಸಿರೆಯಲ್ಲಿ ಮರಳುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪುಸ್ತಕ ಬರೆದು ತೋರಿಸಿದ. ಸಿರೆಗಳ ಒಳಗೆ ಅಲ್ಲಲ್ಲಿ ಸಣ್ಣ ಕದಗಳಿವೆ, ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ ಎಂಬುದೂ ಅವನ ವಾದಕ್ಕೆ ಆಧಾರವಾಯಿತು. ಈ ಕದಗಳ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1785ರಲ್ಲಿ ಲಂಡನ್ನಿನ ಜಾನ್ ಹಂಟರ್ ಎಂಬ ಶಸ್ತ್ರವೈದ್ಯನ ಬಳಿಗೆ ಒಬ್ಬ ಕುದುರೆಗಾಡಿ ಹೊಡೆಯುವವನು ಬಂದ. ಮೊಣಕಾಲಿನ ಹಿಂದೆ ಧಮನಿ ಉಬ್ಬಿ ಗಡ್ಡೆಯಾಗಿತ್ತು. ಒಡೆದರೆ ಸಾವು. ಇಂಥವರ ಕಾಲು ಕಡಿಯುವುದು ವಾಡಿಕೆ. ಹಂಟರ್ ಕಾಲು ಕಡಿಯಲಿಲ್ಲ, ಗಡ್ಡೆಯನ್ನೂ ಮುಟ್ಟಲಿಲ್ಲ. ತೊಡೆಯಲ್ಲಿ, ಉಬ್ಬಿಗಿಂತ ಬಹಳ ಮೇಲೆ, ಧಮನಿಯನ್ನು ಕಟ್ಟಿದ. ದೊಡ್ಡ ಕಾಲುವೆ ಬಂದಾದರೆ ಅಕ್ಕಪಕ್ಕದ ಸಣ್ಣ ಕಾಲುವೆಗಳು ಅಗಲವಾಗಿ ನೀರು ಒಯ್ಯುತ್ತವೆ ಎಂಬುದು ಅವನ ನಂಬಿಕೆ. ಅದು ನಿಜವಾಯಿತು. ಆ ಗಾಡಿಯವನು ಎರಡು ಕಾಲಿನ ಮೇಲೆ ಮನೆಗೆ ಹೋದ. ಒಂದು ವರ್ಷಕ್ಕೂ ಮೇಲ್ಪಟ್ಟು ಬದುಕಿ, ಬೇರೆ ಜ್ವರದಿಂದ ತೀರಿಕೊಂಡ. ಇಂದಿಗೂ ನಡಿಗೆಯ ವ್ಯಾಯಾಮ ಮಾಡಿರೆಂದು ಡಾಕ್ಟರರು ಹೇಳುವಾಗ ಆ ಸಣ್ಣ ಕಾಲುವೆಗಳ ಮೇಲೂ ಅವರಿಗೊಂದು ಭರವಸೆ ಇರುತ್ತದೆ.

ಅಲ್ಲಿಂದ ನೂರು ವರ್ಷ ದಾಟಿ ಫ್ರಾನ್ಸಿನ ಲಿಯೋನ್ ಪಟ್ಟಣಕ್ಕೆ ಬನ್ನಿ. ಲಿಯೋನ್ ಎಂದರೆ ರೇಷ್ಮೆಯ ಊರು. ನಮ್ಮ ಸೋಲಾಪುರಕ್ಕೆ ಚಾದರು ಇದ್ದ ಹಾಗೆ ಅದಕ್ಕೆ ರೇಷ್ಮೆ. 1894ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಸಾದಿ ಕಾರ್ನೋ ಅಲ್ಲಿಗೆ ಬಂದಿದ್ದಾಗ ಒಬ್ಬ ಹಂತಕ ಅವರ ಹೊಟ್ಟೆಗೆ ಚೂರಿ ಹಾಕಿದ. ಯಕೃತ್ತಿಗೆ ಹೋಗುವ ದೊಡ್ಡ ಸಿರೆ ತುಂಡಾಗಿತ್ತು. ದೇಶದ ಪ್ರಥಮ ಪ್ರಜೆ; ಊರಿನ ಹೆಸರಾಂತ ಶಸ್ತ್ರವೈದ್ಯರೆಲ್ಲ ಸುತ್ತ ನಿಂತಿದ್ದಾರೆ. ಆದರೆ ತುಂಡಾದ ರಕ್ತನಾಳವನ್ನು ಜೋಡಿಸುವ ವಿದ್ಯೆ ಅವರಲ್ಲಿ ಯಾರಿಗೂ ಇರಲಿಲ್ಲ. ಅಧ್ಯಕ್ಷರು ರಕ್ತ ಸುರಿದು ತೀರಿಕೊಂಡರು.

ಅದೇ ಊರಿನಲ್ಲಿ ಅಲೆಕ್ಸಿ ಕರೆಲ್ ಎಂಬ ಇಪ್ಪತ್ತರ ಆಸುಪಾಸಿನ ವೈದ್ಯ ವಿದ್ಯಾರ್ಥಿ ಇದ್ದ. ಹರಿದ ಬಟ್ಟೆಯನ್ನು ಹೊಲಿಯುತ್ತಾರೆ, ಹರಿದ ನಾಳವನ್ನು ಯಾಕೆ ಹೊಲಿಯಬಾರದು ಎಂಬುದು ಅವನ ತಲೆ ಹೊಕ್ಕಿತು. ಅವನು ಹೋದದ್ದು ದೊಡ್ಡ ಪ್ರೊಫೆಸರರ ಬಳಿಗಲ್ಲ. ಲೆರೂದಿಯೆ ಎಂಬ ಕಸೂತಿ ಹಾಕುವ ಹೆಣ್ಣುಮಗಳ ಬಳಿಗೆ. ಆಕೆಯಿಂದ ಅತಿ ಸಣ್ಣ ಸೂಜಿ, ಅತಿ ತೆಳು ರೇಷ್ಮೆ ದಾರ ಹಿಡಿಯುವ ಕೈಚಳಕ ಕಲಿತ. ನಾಳವೆಂದರೆ ದುಂಡಗಿನ ಕೊಳವೆ, ಒದ್ದೆ, ಜಾರುತ್ತದೆ. ಸುತ್ತ ಹೊಲಿಯಲು ಹೋದರೆ ಎದುರು ಗೋಡೆಗೂ ಸೂಜಿ ಸೇರಿ ಬಾಯಿ ಮುಚ್ಚಿಹೋಗುತ್ತದೆ. ಕರೆಲ್ ಏನು ಮಾಡಿದನೆಂದರೆ, ಎರಡು ತುದಿಗಳನ್ನು ಸಮ ಅಂತರದಲ್ಲಿ ಮೂರು ಹೊಲಿಗೆಯಿಂದ ಹಿಡಿದು, ಆ ಮೂರು ದಾರಗಳನ್ನು ಮೂರು ದಿಕ್ಕಿಗೆ ಎಳೆದ. ದುಂಡು ಬಾಯಿ ಮುಕ್ಕೋನವಾಯಿತು. ಈಗ ಒಂದೊಂದು ಅಂಚೂ ನೇರ ಗೆರೆ. ಅದನ್ನು ಹೊಲಿಯುವುದು ಸುಲಭ. ಕೌದಿ ಹೊಲಿಯುವ ತಾಯಂದಿರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲೆ ಹಿಡಿದು ಎಳೆದುಕೊಂಡರೆ ಅಂಚು ಸೊಟ್ಟ ಹೋಗದು ಎಂಬುದು ನಿಮಗೆ ಗೊತ್ತೇ ಇದೆ. 1902ರಲ್ಲಿ ಅವನು ಇದನ್ನು ಪ್ರಕಟಿಸಿದ. 1912ರಲ್ಲಿ ನೊಬೆಲ್ ಪಾರಿತೋಷಕ ಬಂತು. ಈ ಕರೆಲ್ ಮುಂದೆ ಮನುಷ್ಯರಲ್ಲಿ ಮೇಲು ಕೀಳು ಎಣಿಸುವಂಥ ವಿಚಾರಗಳನ್ನೂ ಬರೆದ. ಅವನ್ನು ನಾನು ಒಪ್ಪುವವನಲ್ಲ. ಆದರೆ ಆ ಹೊಲಿಗೆಗೆ ಮಾತ್ರ ಕೈ ಮುಗಿಯಬೇಕು. ಅದನ್ನು ಕಲಿಸಿದ ಹೆಣ್ಣುಮಗಳಿಗೆ ಪಾರಿತೋಷಕದಲ್ಲಿ ಪಾಲು ಸಿಗಲಿಲ್ಲ.

ಹೊಲಿಗೆ ಸಿಕ್ಕಿತು, ಆದರೆ ಆಸ್ಪತ್ರೆಯಲ್ಲಿ ರೋಗಿಗೆ ಅದರ ಲಾಭ ದೊರೆಯಲು ಇನ್ನೂ ನಾಲ್ಕು ದಶಕ ಬೇಕಾಯಿತು. ಕಾರಣ ಎರಡು. ಹೊಲಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು. 1916ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ಹೆಪ್ಪು ತಡೆಯುವ ಒಂದು ಪದಾರ್ಥ ಕಂಡ. ಅದೇ ದಾರಿಯಲ್ಲಿ ಹೆಪಾರಿನ್ ಸಿದ್ಧವಾಗಿ 1930ರ ದಶಕದಲ್ಲಿ ರೋಗಿಗಳಿಗೆ ಬಂತು. ಎರಡನೆಯದು, ನಾಳ ಎಲ್ಲಿ ಕಟ್ಟಿದೆ ಎಂದು ಹೊರಗಿನಿಂದ ತಿಳಿಯುತ್ತಿರಲಿಲ್ಲ. 1929ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ರೇನಾಲ್ಡೊ ದೊಸ್ ಸಾಂತೊಸ್ ಎಂಬಾತ ಹೊಟ್ಟೆಯ ಮಹಾಧಮನಿಗೆ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆದ. ನಾಳಗಳು ಮರದ ಬೇರಿನ ಹಾಗೆ ಚಿತ್ರದಲ್ಲಿ ಮೂಡಿದವು. ಇಂದು ಆಂಜಿಯೋಗ್ರಫಿ ಎನ್ನುವ ತಪಾಸಣೆಯ ಹಿರಿಯ ಅದು.

ಈ ನಡುವಿನ ಕಾಲದಲ್ಲಿ ಶ್ರೀಮಂತರಿಗಾದರೂ ಏನು ಚಿಕಿತ್ಸೆ ಇತ್ತು ಎಂದರೆ ಒಬ್ಬ ಚಕ್ರವರ್ತಿಯ ಕಥೆ ಹೇಳುತ್ತೇನೆ. ಹಳೆಯ ಬೆಳ್ಳಿ ರೂಪಾಯಿಯ ಮೇಲೆ ಇದ್ದ ಮುಖ, ಆರನೇ ಜಾರ್ಜ್. ಇಂಗ್ಲೆಂಡಿನ ದೊರೆ, ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ದೇಶಕ್ಕೂ ದೊರೆ. ಸಿಗರೇಟು ವಿಪರೀತ. 1948ರಲ್ಲಿ ಅವರ ಕಾಲಿನ ಧಮನಿಗಳು ಕಟ್ಟಿಕೊಂಡು ಬಲಗಾಲು ಹೋಗುವ ಭಯ ಹುಟ್ಟಿತು. ಆಸ್ಟ್ರೇಲಿಯಾ ಪ್ರವಾಸವನ್ನೇ ಮುಂದೂಡಿದರು. 1949ರ ಮಾರ್ಚಿನಲ್ಲಿ ಎಡಿನ್‌ಬರೋದ ಪ್ರೊಫೆಸರ್ ಲಿಯರ್ಮಂತ್ ಅರಮನೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿದರು. ಅವರು ಕತ್ತರಿಸಿದ್ದು ಸೊಂಟದ ಬಳಿಯ ನರಗಳನ್ನು. ಇಲ್ಲಿ ನರ ಎಂದರೆ ನಿಜವಾದ ನರವೇ. ಆ ನರಗಳು ಸಣ್ಣ ಧಮನಿಗಳನ್ನು ಬಿಗಿ ಹಿಡಿದಿರುತ್ತವೆ. ಕತ್ತರಿಸಿದರೆ ಅವು ಸಡಿಲಾಗಿ ಪಾದ ಸ್ವಲ್ಪ ಬೆಚ್ಚಗಾಗುತ್ತದೆ. ದೊರೆಯ ಕಾಲು ಉಳಿಯಿತು. ಆದರೆ ಕಟ್ಟಿದ ನಾಳ ಕಟ್ಟಿಯೇ ಇತ್ತು. 1951ರಲ್ಲಿ ಒಂದು ಶ್ವಾಸಕೋಶ ತೆಗೆಯಬೇಕಾಯಿತು, 1952ರ ಫೆಬ್ರುವರಿಯಲ್ಲಿ ಹೃದಯದ ಧಮನಿ ಕಟ್ಟಿ ದೊರೆ ತೀರಿಕೊಂಡರು. ಆಗ ಅವರ ವಯಸ್ಸು 56. ತಂಬಾಕಿಗೆ ಅರಮನೆ, ಗುಡಿಸಲು ಎಂಬ ಭೇದವಿಲ್ಲ ಎನ್ನುವುದು ಇದರಿಂದ ಕಾಣುತ್ತದೆ.

ದೊರೆಯ ಶಸ್ತ್ರಚಿಕಿತ್ಸೆಗೆ ಒಂಬತ್ತು ತಿಂಗಳು ಮೊದಲೇ ಪ್ಯಾರಿಸಿನಲ್ಲಿ ಹೊಸ ದಾರಿ ತೆರೆದಿತ್ತು. 1948ರ ಜೂನ್ 3ರಂದು ಜ್ಯಾಂ ಕ್ಯುನ್ಲಿನ್ ಎಂಬ ಶಸ್ತ್ರವೈದ್ಯ, ಪಾದ ಕೊಳೆಯಲು ಹತ್ತಿದ 54 ವರ್ಷದ ಒಬ್ಬ ರೋಗಿಯ ಕಾಲಿನಿಂದಲೇ ಚರ್ಮದ ಕೆಳಗಿನ ಉದ್ದನೆಯ ಸಿರೆಯನ್ನು ಬಿಡಿಸಿ ತೆಗೆದ. ಕಟ್ಟಿದ ಧಮನಿಯ ಮೇಲ್ತುದಿಗೆ ಅದರ ಒಂದು ಬಾಯಿ, ಕೆಳತುದಿಗೆ ಇನ್ನೊಂದು ಬಾಯಿ ಹೊಲಿದ. ಕಟ್ಟಿದ ಭಾಗವನ್ನು ಮುಟ್ಟಲೇ ಇಲ್ಲ, ಬಳಸಿಕೊಂಡು ಹೋದ. ಊರೊಳಗಿನ ರಸ್ತೆ ಬಂದಾದರೆ ಬೈಪಾಸ್ ಹಿಡಿಯುವುದಿಲ್ಲವೆ, ಹಾಗೆ. ಇದರ ಹೆಸರೂ ಬೈಪಾಸೇ. ಆ ಕದಗಳು ನೆನಪಿವೆಯೆ? ಸಿರೆಯಲ್ಲಿ ರಕ್ತ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಧಮನಿಯ ಕೆಲಸ ಮಾಡಬೇಕಾದರೆ ಮೇಲಿನಿಂದ ಕೆಳಕ್ಕೆ ಬರಬೇಕು. ಇದ್ದ ಹಾಗೆಯೇ ಹೊಲಿದರೆ ಕದಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಸಿರೆಯನ್ನು ತಲೆಕೆಳಗು ಮಾಡಿ ಹೊಲಿದ. 1628ರ ಹಾರ್ವೆಯ ಪುಸ್ತಕ 1948ರಲ್ಲಿ ಹೀಗೆ ಒಂದು ಪಾದವನ್ನು ಉಳಿಸಿತು. ಕಾಲಿನ ಬೈಪಾಸಿಗೆ ಇಂದಿಗೂ ಎಲ್ಲಕ್ಕಿಂತ ಒಳ್ಳೆಯ ಸಾಮಗ್ರಿ ರೋಗಿಯ ಸ್ವಂತ ಸಿರೆಯೇ.

ಹೊಲಿಗೆಯ ಬೆಲೆ ಎಷ್ಟೆಂಬುದನ್ನು ಯುದ್ಧದ ಲೆಕ್ಕ ತಿಳಿಸುತ್ತದೆ. ಲೆಕ್ಕ ಬರೆದೇ ಜೀವನ ಕಳೆದವನು ನಾನು, ಈ ಅಂಕಿ ಹೇಳದೆ ಬಿಡಲಾರೆ. ಎರಡನೆಯ ಮಹಾಯುದ್ಧದಲ್ಲಿ ಧಮನಿಗೆ ಗಾಯವಾದ 2,471 ಅಮೆರಿಕನ್ ಸೈನಿಕರ ದಾಖಲೆ 1946ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೊಲಿಗೆ ಸಿಕ್ಕದ್ದು 81 ಜನಕ್ಕೆ ಮಾತ್ರ. ಧಮನಿಯನ್ನು ಕಟ್ಟಿಬಿಟ್ಟವರಲ್ಲಿ ನೂರಕ್ಕೆ 49 ಜನ ಕೈ ಅಥವಾ ಕಾಲು ಕಳೆದುಕೊಂಡರು. 1950ರಿಂದ 1953ರವರೆಗಿನ ಕೊರಿಯಾ ಯುದ್ಧದಲ್ಲಿ ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಬೇಗ ತಂದು ಧಮನಿ ಹೊಲಿಯತೊಡಗಿದರು. ಆಗ ಕೈಕಾಲು ಕಳೆದುಕೊಂಡವರು ನೂರಕ್ಕೆ 13ರ ಆಸುಪಾಸು. ಬೇಗ ತಂದದ್ದು ಒಂದು, ಹೊಲಿದದ್ದು ಒಂದು. ಎರಡೂ ಸೇರಿ ಈ ಲೆಕ್ಕ.

ಇನ್ನು ನಮ್ಮ ಊರಿನವರಿಗೆ ಹತ್ತಿರದ ಮಾತು, ಬಟ್ಟೆಯ ಮಾತು. ಮಹಾಧಮನಿಯಂಥ ದಪ್ಪ ನಾಳ ಉಬ್ಬಿದರೆ ಅಥವಾ ಕಟ್ಟಿದರೆ ಅಷ್ಟು ಅಗಲದ ಸಿರೆ ಎಲ್ಲಿಂದ ತರುವುದು? ವಿಜ್ಞಾನಿ ಐನ್‌ಸ್ಟೈನರ ಹೊಟ್ಟೆಯ ಮಹಾಧಮನಿ ಉಬ್ಬಿದಾಗ 1948ರಲ್ಲಿ ಡಾಕ್ಟರರು ಅದರ ಸುತ್ತ ಸೆಲ್ಲೊಫೇನ್ ಹಾಳೆ ಸುತ್ತಿದ್ದರು. ಹೌದು, ಮಿಠಾಯಿ ಪೊಟ್ಟಣದ ಅದೇ ಹಾಳೆ. 1955ರಲ್ಲಿ ಅದು ಒಡೆದು ಅವರು ತೀರಿಕೊಂಡರು. 1951ರಲ್ಲಿ ಪ್ಯಾರಿಸಿನ ದ್ಯುಬೊಸ್ಟ್ ಉಬ್ಬಿದ ಭಾಗ ತೆಗೆದು, ಸತ್ತವರ ದೇಹದಿಂದ ತೆಗೆದಿಟ್ಟ ನಾಳ ಹೊಲಿದ. ಆದರೆ ಅಂಥ ನಾಳ ಬೇಕೆಂದಾಗ ಸಿಗುವಂಥದಲ್ಲ.

ನ್ಯೂಯಾರ್ಕಿನಲ್ಲಿ ಆರ್ಥರ್ ವೂರ್ಹೀಸ್ ಎಂಬ ಯುವ ವೈದ್ಯ ನಾಯಿಯ ಹೃದಯದ ಮೇಲೆ ಪ್ರಯೋಗ ನಡೆಸಿದ್ದ. 1947ರಲ್ಲಿ ಒಂದು ರೇಷ್ಮೆ ಹೊಲಿಗೆ ತಪ್ಪಿ ಹೃದಯದ ಒಳಗೆ ಉಳಿದುಬಿಟ್ಟಿತ್ತು. ತಿಂಗಳುಗಳ ನಂತರ ನೋಡಿದರೆ ಆ ದಾರದ ಮೇಲೆ ದೇಹವೇ ನುಣುಪಾದ ಪೊರೆ ಹೊದಿಸಿತ್ತು. ಒಂದು ದಾರಕ್ಕೆ ಪೊರೆ ಬಂದರೆ ದಾರದಿಂದ ನೇಯ್ದ ಬಟ್ಟೆಗೂ ಬಂದೀತು ಎಂದು ಅವನು ಎಣಿಸಿದ. ಪ್ಯಾರಾಶೂಟಿಗೆ ಬಳಸುವ ಕೃತಕ ಬಟ್ಟೆಯ ಕೊಳವೆ ಹೊಲಿದು ನಾಯಿಗಳಿಗೆ ಹಾಕಿ ನೋಡಿ, 1952ರಲ್ಲಿ ಫಲಿತಾಂಶ ಪ್ರಕಟಿಸಿದ. ಅದೇ ಕಾಲಕ್ಕೆ ಹ್ಯೂಸ್ಟನ್ನಿನಲ್ಲಿ ಮೈಕೆಲ್ ಡಿಬೇಕಿ ಎಂಬ ಶಸ್ತ್ರವೈದ್ಯರಿದ್ದರು. ಲೆಬನಾನಿನಿಂದ ಅಮೆರಿಕಕ್ಕೆ ವಲಸೆ ಹೋದ ಕುಟುಂಬ. ಬಾಲ್ಯದಲ್ಲಿ ತಾಯಿ ಹೊಲಿಗೆ ಕಲಿಸಿದ್ದರು. ಡಿಬೇಕಿ ಬಟ್ಟೆ ಅಂಗಡಿಗೆ ಹೋಗಿ ನೈಲಾನ್ ಕೇಳಿದರು. ನೈಲಾನ್ ತೀರಿದೆ, ಡೆಕ್ರಾನ್ ಎಂಬ ಹೊಸ ಬಟ್ಟೆ ಇದೆ ಎಂದರು ಅಂಗಡಿಯವರು. ಒಂದಿಷ್ಟು ಕೊಂಡು ತಂದು, ಹೆಂಡತಿಯ ಹೊಲಿಗೆ ಯಂತ್ರದ ಮೇಲೆ ತಾವೇ ಕೊಳವೆ ಹೊಲಿದರು. ನೈಲಾನ್ ಮುಗಿದದ್ದೇ ಒಳ್ಳೆಯದಾಯಿತು. ದೇಹದ ಒಳಗೆ ನೈಲಾನ್ ಸವೆಯುತ್ತದೆ, ಡೆಕ್ರಾನ್ ಬಾಳುತ್ತದೆ ಎಂಬುದು ಮುಂದೆ ತಿಳಿಯಿತು. ಡೆಕ್ರಾನ್ ಅಂದರೆ ಬೇರೇನಲ್ಲ, ನಮ್ಮ ಯೌವನದಲ್ಲಿ ಮದುವೆಗೆ ಹೊಲಿಸುತ್ತಿದ್ದ ಟೆರಿಲಿನ್ ಬಟ್ಟೆಯ ಜಾತಿಯೇ. 1954ರಿಂದ ಅದು ಮನುಷ್ಯರ ದೇಹ ಸೇರಿತು. ಜವಳಿ ತಂತ್ರಜ್ಞರ ನೆರವಿನಿಂದ ಹೊಲಿಗೆಯೇ ಇಲ್ಲದ, ಸುಕ್ಕುಸುಕ್ಕಾದ ಹೆಣೆದ ಕೊಳವೆಗಳು ಬಂದವು. 2005ರ ಕೊನೆಯಲ್ಲಿ ಡಿಬೇಕಿ ಅವರಿಗೇ ಮಹಾಧಮನಿಯ ಗೋಡೆ ಸೀಳಿತು. 97ರ ವಯಸ್ಸಿನಲ್ಲಿ ತಾವೇ ರೂಢಿಸಿದ್ದ ಶಸ್ತ್ರಚಿಕಿತ್ಸೆ ತಮ್ಮ ಮೇಲೇ ನಡೆದು ಬದುಕಿದರು. 2008ರಲ್ಲಿ ನೂರು ತುಂಬಲು ಎರಡು ತಿಂಗಳು ಇದ್ದಾಗ ತೀರಿಕೊಂಡರು. ಮಗ್ಗದ ಮುಂದೆ ಕೂತ ನಮ್ಮವರು ತಮ್ಮ ಕಸುಬನ್ನು ಕೇವಲ ಹೊಟ್ಟೆಪಾಡು ಎಂದುಕೊಳ್ಳುತ್ತಾರೆ. ನೇಕಾರ, ಸಿಂಪಿಗರ ವಿದ್ಯೆಯೇ ಎಷ್ಟೋ ಜನರ ಎದೆಯಲ್ಲಿ, ಹೊಟ್ಟೆಯಲ್ಲಿ ರಕ್ತ ಹರಿಸುತ್ತಿದೆ.

ಅಲ್ಲಿಂದ ಮುಂದೆ ಕತ್ತಿಯ ಗಾಯವೂ ಸಣ್ಣದಾಗುತ್ತ ಬಂತು. ಎಲ್ಲಿಂದಲೋ ಹರಿದುಬಂದ ಹೆಪ್ಪು ಒಮ್ಮೆಲೇ ಧಮನಿಯನ್ನು ಮುಚ್ಚುವುದುಂಟು. ಥಾಮಸ್ ಫೋಗರ್ಟಿ ಎಂಬಾತ ಸಣ್ಣ ನಳಿಕೆಯ ತುದಿಗೆ ರಬ್ಬರ್ ಕೈಚೀಲದ ಬೆರಳನ್ನು, ಮೀನುಗಾಳದ ಗಂಟು ಹಾಕಿ ಕಟ್ಟಿದ. ಹೆಪ್ಪನ್ನು ದಾಟಿಸಿ, ಬುಗ್ಗೆಯಂತೆ ಉಬ್ಬಿಸಿ, ಹಿಂದೆ ಎಳೆದರೆ ಹೆಪ್ಪು ಹೊರಗೆ ಬರುತ್ತದೆ. 1963ರಲ್ಲಿ ಪ್ರಕಟವಾದ ಈ ಉಪಕರಣ ಇಂದಿಗೂ ಅವನ ಹೆಸರಿನಲ್ಲೇ ಇದೆ.

1964ರ ಜನವರಿ 16ರ ಸಂಗತಿ ನನಗೆ ಬಹಳ ಮೆಚ್ಚುಗೆಯಾದದ್ದು. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 82 ವರ್ಷದ ಒಬ್ಬ ಮುದುಕಿ. ಪಾದದ ಬೆರಳು ಕಪ್ಪಾಗಿದ್ದವು. ಕಾಲು ತೆಗೆಯಬೇಕೆಂದರು. ಅಜ್ಜಿ ಸುತರಾಂ ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ಎಕ್ಸ್‌ರೇ ವೈದ್ಯರು, ಕತ್ತಿ ಹಿಡಿಯುವವರಲ್ಲ, ತೊಡೆಯ ಧಮನಿಗೆ ಸೂಜಿ ಚುಚ್ಚಿ ತಂತಿ ತೂರಿಸಿದರು. ತಂತಿಯ ಮೇಲೆ ಮೊದಲು ಸಣ್ಣ ನಳಿಕೆ, ಅದರ ಮೇಲೆ ದೊಡ್ಡ ನಳಿಕೆ ಜಾರಿಸಿ ಇಕ್ಕಟ್ಟಾದ ಜಾಗವನ್ನು ಅಗಲಿಸಿದರು. ಪಾದಕ್ಕೆ ಬಿಸಿ ಬಂತು. ಅಜ್ಜಿ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿ, ತನ್ನ ಎರಡು ಕಾಲಿನ ಮೇಲೆಯೇ ಓಡಾಡಿ ತೀರಿಕೊಂಡಳು. ಅಮೆರಿಕದ ಶಸ್ತ್ರವೈದ್ಯರು ಬಹಳ ದಿನ ಡಾಟರರನ್ನು ನಂಬಲಿಲ್ಲ. 1974ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಎಂಬಾತ ನಳಿಕೆಯ ತುದಿಗೆ ಬಲೂನು ಸೇರಿಸಿ ಕಾಲಿನ ಧಮನಿ ತೆರೆದ. 1977ರಲ್ಲಿ ಹೃದಯದ ಧಮನಿ ತೆರೆದ. ಇಂದು ಊರೂರಿನಲ್ಲೂ ಆಂಜಿಯೋಪ್ಲಾಸ್ಟಿ ಎಂದರೆ ಹೃದಯದ್ದೇ ಎಂದು ಜನ ತಿಳಿದಿದ್ದಾರೆ. ಹುಟ್ಟಿದ್ದು ಕಾಲಿನಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ, ಸೂಜಿದಾರ ಸೋಲುವ ಒಂದು ಜಾಗವನ್ನೂ ಹೇಳಬೇಕು. 1908ರಲ್ಲಿ ನ್ಯೂಯಾರ್ಕಿನ ಲಿಯೊ ಬರ್ಗರ್ ಎಂಬ ವೈದ್ಯ ಕಡಿದು ಹಾಕಿದ ಹನ್ನೊಂದು ಕಾಲುಗಳನ್ನು ಕೊಯ್ದು ಪರೀಕ್ಷಿಸಿದ. ಇದು ಮುದುಕರ ರೋಗವಾಗಿರಲಿಲ್ಲ. ಇಪ್ಪತ್ತು, ಮೂವತ್ತು, ನಾಲ್ವತ್ತರ ಗಂಡಸರದು. ಸಣ್ಣ ಧಮನಿ, ಸಿರೆಗಳು ಉರಿತದಿಂದ ಊದಿ ಹೆಪ್ಪುಗಟ್ಟಿ ಮುಚ್ಚಿಹೋಗಿದ್ದವು. ಬರ್ಗರ್ ಕಾಯಿಲೆ ಎಂದೇ ಅದಕ್ಕೆ ಹೆಸರು. ತಂಬಾಕು ಸೇವಿಸುವವರಿಗೇ ಬರುವ ಈ ರೋಗ ನಮ್ಮ ದೇಶದಲ್ಲಿ ಬೀಡಿ ಸೇದುವ ಬಡವರ ಪಾಲಿಗೆ ಹೆಚ್ಚಾಗಿ ಬಂದಿದೆ. ಬೈಪಾಸ್ ಮಾಡಬೇಕೆಂದರೆ ಕೆಳಗೆ ಹೊಲಿಯಲು ಒಂದು ತೆರೆದ ಧಮನಿ ಬೇಕಲ್ಲ. ಈ ರೋಗದಲ್ಲಿ ಪಾದದ ಸಣ್ಣ ಧಮನಿಗಳೇ ಮೊದಲು ಹೋಗಿರುತ್ತವೆ. ಜಾರ್ಜ್ ದೊರೆಗೆ ಮಾಡಿದ ನರ ಕತ್ತರಿಸುವ ಶಸ್ತ್ರಕ್ರಿಯೆ ನಮ್ಮ ಆಸ್ಪತ್ರೆಗಳಲ್ಲಿ ಬೀಡಿ ಸೇದುವ ಎಷ್ಟೋ ಬಡವರಿಗೆ ನಡೆದಿದೆ. ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ಕಾಲಿನವರೆಗೆ ಇಳಿಸಿ ರಕ್ತ ಒದಗಿಸುವ ಪ್ರಯತ್ನವೂ ನಡೆದಿದೆ. ಆದರೆ ಕಾಲು ಉಳಿಸುವ ನಿಜವಾದ ಚಿಕಿತ್ಸೆ ಒಂದೇ, ತಂಬಾಕನ್ನು ಪೂರ್ತಿ ಬಿಡುವುದು. ದಿನಕ್ಕೆ ಒಂದೆರಡು ಬೀಡಿ ಉಳಿಸಿಕೊಂಡರೂ ರೋಗ ಮುಂದುವರಿಯುತ್ತದೆ. ಬೆರಳು ಕಪ್ಪಾಗುವ ಮುಂಚೆ ಪೂರ್ತಿ ಬಿಟ್ಟವರಲ್ಲಿ ಕಾಲು ಕಳೆದುಕೊಳ್ಳುವವರು ಅಪರೂಪ. ಜಗಿಯುವ ತಂಬಾಕು, ಹಲ್ಲಿಗೆ ಹಚ್ಚುವ ಮಿಶ್ರಿ ಕೂಡ ತಂಬಾಕೇ, ತಾಯಂದಿರೆ.

ಇದನ್ನು ಸೋಲಾಪುರದ ಕಡೆಯವರ ಮುಂದೆ ಹೇಳುವುದು ಸುಲಭವಲ್ಲ ಎಂಬುದು ನನಗೆ ಗೊತ್ತಿದೆ. ಕುಂಭಾರಿಯಲ್ಲಿ 2006ರಲ್ಲಿ ಹತ್ತು ಸಾವಿರ ಮನೆಗಳ ಬೀಡಿ ಕಾರ್ಮಿಕರ ವಸಾಹತು ಆಯಿತು. ಆ ಮನೆಗಳ ಬಾಗಿಲಲ್ಲಿ ಮೊರ ಇಟ್ಟುಕೊಂಡು ಕೂತ ಅವ್ವಂದಿರ ಬೆರಳಿನಿಂದಲೇ ಮಕ್ಕಳ ಶಾಲೆಯ ಫೀಜು ತುಂಬುತ್ತದೆ. ಅವ್ವ ಸುತ್ತಿದ ಬೀಡಿ ಮನೆ ನಡೆಸುತ್ತದೆ, ಅಪ್ಪ ಸೇದಿದ ಬೀಡಿ ಮನೆಯ ಕಾಲು ಮುರಿಯುತ್ತದೆ. ಸುತ್ತುವವರನ್ನು ನಾನು ದೂರುವುದಿಲ್ಲ. ಬೇರೆ ಕೂಲಿ ಕೊಡದೆ ಈ ಕೂಲಿ ಬಿಡಿರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಸೇದುವವರಿಗೆ ಮಾತ್ರ ಹೇಳುತ್ತೇನೆ.

ಕಾಲು ಹೋದವರ ಪಾಲಿಗೂ ಇತಿಹಾಸ ನಿಂತಿಲ್ಲ. 1968ರ ಸುಮಾರಿಗೆ ಜೈಪುರದಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಡಾಕ್ಟರ್ ಪಿ. ಕೆ. ಸೇಠಿ ಕೂಡಿ ರಬ್ಬರಿನ ಜೈಪುರ ಪಾದ ಮಾಡಿದರು. ಅದನ್ನು ಹಾಕಿಕೊಂಡು ಬರಿಗಾಲಲ್ಲಿ ಹೊಲಕ್ಕೆ ಹೋಗಬಹುದು, ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂಡಬಹುದು. ಶರ್ಮಾ ಹೆಚ್ಚು ಓದಿದವರಲ್ಲ. ಕಸೂತಿಯ ಲೆರೂದಿಯೆಯ ಸಾಲಿನವರು.

ಇಂದಿನ ಆಸ್ಪತ್ರೆಯಲ್ಲಿ ಮೊದಲು ಮಾಡುವ ತಪಾಸಣೆಗೆ ಯಂತ್ರವೇ ಬೇಡ. ಪಾದದ ಮೇಲ್ಭಾಗದಲ್ಲಿ, ಒಳ ಹರಡಿನ ಹಿಂದೆ ಬೆರಳಿಟ್ಟು ನಾಡಿ ನೋಡುತ್ತಾರೆ. ಆಮೇಲೆ ತೋಳಿನ ಬಿ.ಪಿ. ಮತ್ತು ಕಾಲಿನ ಬಿ.ಪಿ. ಎರಡನ್ನೂ ಅಳೆಯುತ್ತಾರೆ; ಕಾಲಿನದು ತೋಳಿನದರ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕಡಿಮೆಯಾದರೆ ಧಮನಿ ಇಕ್ಕಟ್ಟಾಗಿದೆ ಎಂದು ಲೆಕ್ಕ. ಡಾಪ್ಲರ್ ಯಂತ್ರದಲ್ಲಿ ರಕ್ತದ ಹರಿವು ನೋಡುತ್ತಾರೆ. ಅಗತ್ಯವಿದ್ದರೆ ಆಂಜಿಯೋಗ್ರಫಿ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಬಹಳ ಜನರಿಗೆ ಗುಳಿಗೆ, ತಂಬಾಕು ಬಿಡುವುದು, ದಿನವೂ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು ಇಷ್ಟರಲ್ಲೇ ಸುಧಾರಣೆಯಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದಲ್ಲಿ ನೋವೇ ತಿಳಿಯದಿರಬಹುದು. ಅವರು ಮಲಗುವ ಮುಂಚೆ ಪಾದದ ಅಡಿ ನೋಡಿಕೊಳ್ಳಬೇಕು. ಕಾಲು ಒಮ್ಮೆಲೇ ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದು ನೋವಾದರೆ ನಾಳೆ ನೋಡೋಣ ಎನ್ನಬೇಡಿ. ಸುಮಾರು ಆರು ತಾಸಿನ ಒಳಗೆ ರಕ್ತ ಹರಿಸಬೇಕು. ತಿಕ್ಕಬೇಡಿ, ಶಾಖ ಕೊಡಬೇಡಿ. ಗಾಡಿ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ.

ಖರ್ಚಿನ ಮಾತು. ಮಹಾರಾಷ್ಟ್ರದ ಹಳ್ಳಿಗಳವರಿಗೆ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆ ಇದೆ. ಅದರ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ‘ಆರೋಗ್ಯಮಿತ್ರ’ ಎಂಬ ಮೇಜು ಇರುತ್ತದೆ. ರೇಷನ್ ಕಾರ್ಡು, ಆಧಾರ್ ತೋರಿಸಿ ಅಲ್ಲಿಯೇ ಮೊದಲು ವಿಚಾರಿಸಿರಿ. ಕಲಬುರ್ಗಿ, ವಿಜಯಪುರದ ಕಡೆಗೆ ಹೋಗುವವರು ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಂಡೇ ಬಸ್ಸು ಹತ್ತಿರಿ. ಠೇವಣಿ ಮುರಿಸಲು, ಬಂಗಾರ ಅಡವಿಡಲು ಬ್ಯಾಂಕಿಗೆ ಓಡಿ ಬರುವುದು ಅದರ ನಂತರದ ಕೆಲಸ.

ಡಾಕ್ಟರರ ಮುಂದೆ ಕೂತಾಗ ನರ ಹಿಡಿದಿದೆ ಎನ್ನಬೇಡಿ. ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತದೆ, ಎಷ್ಟು ಹೊತ್ತು ನಿಂತರೆ ನೋವು ಹೋಗುತ್ತದೆ, ದಿನಕ್ಕೆ ಎಷ್ಟು ಬೀಡಿ, ಎಷ್ಟು ವರ್ಷದಿಂದ, ಇಷ್ಟು ಹೇಳಿ. ಕನ್ನಡ ಬಲ್ಲವರು ಅಲ್ಲಿ ಸಿಗದಿದ್ದರೆ ಮರಾಠಿಯಲ್ಲಿ ‘ಚಾಲತಾನಾ ಪೋಟರೀ ದುಖತೇ, ಥಾಂಬಲಂ ಕೀ ದುಖಣಂ ಥಾಂಬತಂ’ ಎನ್ನಿ. ಸಂಗಡ ಬಂದವರು ರೋಗಿಯ ಎರಡೂ ಕಾಲಿನ ಚಪ್ಪಲಿ, ಕಾಲುಚೀಲ ಬಿಚ್ಚಿಸಿ, ಪಾದಗಳನ್ನು ಡಾಕ್ಟರರಿಗೆ ಕಾಣುವಂತೆ ಇಡಿಸಿರಿ.